ಹಳೆ ಮನೆ ಕೊಂಡಿರಾ? ಒಂದು ಮಳೆಗಾಲ ಕಳೆಯಲಿ, ಆಮೇಲೆ ಬಣ್ಣ

ಮಂಗಳೂರು, ಉಡುಪಿಯ ಕಡೆ ಬೇಸಗೆಯಲ್ಲಿ ನೋಡಿ ಒಪ್ಪಿದ ಮನೆಯನ್ನು ಅರ್ಧ ಮಾತ್ರ ನೋಡಿದಂತಾಯಿತು. ತಾರಸಿ ಸೋರುತ್ತದೆಯೇ, ಬಾವಿಗೆ ಶೌಚದ ಗುಂಡಿಯ ನೀರು ಸೇರುತ್ತಿದೆಯೇ ಎಂಬುದು ಆಟಿಯ (ಜುಲೈ-ಆಗಸ್ಟ್) ಮಳೆಯಲ್ಲಿ ಗೊತ್ತಾಗುತ್ತದೆ. ಅರ್ಥಿಂಗ್ ಸರಿಯಿದೆಯೇ ಎಂಬುದು ಏಪ್ರಿಲ್ ಬಿಸಿಲಿನಲ್ಲಿ. ಗೃಹಪ್ರವೇಶದ ಗಡಿಬಿಡಿಯಲ್ಲಿ ಪುಟ್ಟಿ, ಬಣ್ಣ, ಫಾಲ್ಸ್ ಸೀಲಿಂಗ್ ಎಲ್ಲ ಮುಗಿಸಿದರೆ ಹಿಂದಿನವರು ಬಿಟ್ಟುಹೋದ ಗುರುತುಗಳನ್ನು ನೀವೇ ದುಡ್ಡು ಕೊಟ್ಟು ಅಳಿಸಿದ ಹಾಗೆ.

ಕೀಲಿಕೈ ಪಡೆಯುವ ದಿನವೇ ಹಿಂದಿನ ಮಾಲೀಕರನ್ನು ಅಂಗಳದಲ್ಲಿ ನಿಲ್ಲಿಸಿಕೊಂಡು ಶೌಚದ ಗುಂಡಿ ಎಲ್ಲಿದೆ ಎಂದು ಕೇಳಿ. ಇಂಟರ್‌ಲಾಕ್ ಹಾಸಿದ ಮೇಲೆ ಅದರ ಮುಚ್ಚಳ ಎಲ್ಲಿ ಹೋಯಿತೆಂದು ಮೇಸ್ತ್ರಿಗೂ ನೆನಪಿರುವುದಿಲ್ಲ. ಹಳೆ ಮನೆಗಳಲ್ಲಿ ಅದು ನಿಜವಾದ ಸೆಪ್ಟಿಕ್ ಟ್ಯಾಂಕ್ ಆಗಿರದೆ, ಗಾರೆಯಿಲ್ಲದೆ ಕೆಂಪುಕಲ್ಲು (ಮುರಕಲ್ಲು) ಜೋಡಿಸಿದ, ತಳವಿಲ್ಲದ ಗುಂಡಿಯಾಗಿರಬಹುದು. ಮುರಕಲ್ಲಿನ ನೆಲದಲ್ಲಿ ತೂತುಗಳು ಧಾರಾಳ. ಮಳೆಗಾಲದಲ್ಲಿ ಅಂತರ್ಜಲ ಮೇಲೇರಿದಾಗ ಗುಂಡಿಯ ನೀರು ಸೋಸುವ ಮೊದಲೇ ಬಾವಿ ತಲುಪಿಬಿಡುತ್ತದೆ. ಶೌಚದ ನೀರಿನ ಇಂಗುಗುಂಡಿಗೂ ಕುಡಿಯುವ ನೀರಿನ ಬಾವಿಗೂ 18 ಮೀಟರ್ ಅಂತರ ಇರಬೇಕೆನ್ನುತ್ತದೆ ಭಾರತೀಯ ಮಾನಕ. 5 ಸೆಂಟ್ಸ್ ಜಾಗ ಚೌಕವಾಗಿದ್ದರೆ ಒಂದು ಬದಿ 14 ಮೀಟರ್ ಚಿಲ್ಲರೆ, ಮೂಲೆಯಿಂದ ಮೂಲೆಗೆ 20. ಅಂದರೆ ಎದುರುಬದುರು ಮೂಲೆಗಳಲ್ಲಿ ಮಾತ್ರ ಇದು ಸಾಧ್ಯ, ಅದೂ ಪಕ್ಕದ ಮನೆಯವರ ಗುಂಡಿ ದೂರವಿದ್ದರೆ.

ಜೂನ್ ಕೊನೆಯಲ್ಲಿ ಬಾವಿ ನೀರನ್ನು ಎಚ್‌2ಎಸ್ ಬಾಟಲಿಗೆ (ಮಲದ ಬ್ಯಾಕ್ಟೀರಿಯಾ ಇದ್ದರೆ ಕಪ್ಪಾಗುವ ಪರೀಕ್ಷಾ ಬಾಟಲಿ) ತುಂಬಿಸಿ 24ರಿಂದ 48 ಗಂಟೆ ಬಿಡಿ. ಕಪ್ಪಾದರೆ ಕುದಿಸದೆ ಕುಡಿಯಬೇಡಿ. ಪ್ರಯೋಗಾಲಯದಲ್ಲಿ ಇ-ಕೋಲಿ (ಮಲದಲ್ಲಿರುವ ಬ್ಯಾಕ್ಟೀರಿಯಾ) ಪರೀಕ್ಷೆ ಮಾಡಿಸಿ, 100 ಮಿಲಿಲೀಟರಿನಲ್ಲಿ ಒಂದೂ ಇರಕೂಡದು. ಸದ್ಯದ ಉಪಾಯ ಬ್ಲೀಚಿಂಗ್ ಪೌಡರ್, 1000 ಲೀಟರಿಗೆ ಸುಮಾರು 2.5 ಗ್ರಾಂ. 3 ಮೀಟರ್ ಅಗಲದ ಬಾವಿಯಲ್ಲಿ 4 ಮೀಟರ್ ನೀರಿದ್ದರೆ ಸುಮಾರು 28,000 ಲೀಟರ್, ಅಂದರೆ 70 ಗ್ರಾಂ. ಬಕೆಟಿನಲ್ಲಿ ಕದಡಿ, ಸುಣ್ಣ ತಳಕ್ಕಿಳಿದ ಮೇಲೆ ತಿಳಿಯನ್ನು ಮಾತ್ರ ಬಾವಿಗಿಳಿಸಿ, ಒಂದು ಗಂಟೆ ನೀರೆತ್ತಬೇಡಿ. ಡಬ್ಬ ತೆರೆದಿಟ್ಟ ಹಳೆ ಪೌಡರಿಗೆ ಸತ್ವವಿರುವುದಿಲ್ಲ. ಇದು ವಾರದ ಮದ್ದು ಅಷ್ಟೇ. ರೋಗ ಗುಂಡಿಯಲ್ಲಿದೆ: ಒಳಚರಂಡಿ ಇರುವಲ್ಲಿ ಅದಕ್ಕೆ ಜೋಡಿಸಿ, ಇಲ್ಲದಿದ್ದರೆ ನೀರು ಬಿಡದ ಎರಡು ಕೋಣೆಯ ಟ್ಯಾಂಕ್ ಕಟ್ಟಿಸಿ ಇಂಗುಗುಂಡಿಯನ್ನು ಬಾವಿಯಿಂದ ದೂರ, ತಗ್ಗಿಗೆ ಒಯ್ಯಿರಿ. ಹಳೆ ಗುಂಡಿಯನ್ನು ಯಂತ್ರದಿಂದ ಖಾಲಿ ಮಾಡಿಸಿ, ಸುಣ್ಣ ಹಾಕಿ, ಮಣ್ಣು ತುಂಬಿ. ಯಾರನ್ನೂ ಒಳಗಿಳಿಸಬೇಡಿ, ಒಳಗಿನ ಅನಿಲಕ್ಕೆ ಜೀವ ಹೋಗುತ್ತದೆ, ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆಯಂತೆ ಅದು ಅಪರಾಧವೂ ಹೌದು.

ಇದೇ ಬಾವಿ ನೀರು ಇನ್ನೊಂದು ಕೆಲಸ ಮಾಡಿರುತ್ತದೆ. ಮುರಕಲ್ಲಿನ ನೀರಿಗೆ ಸಾಮಾನ್ಯವಾಗಿ ಸ್ವಲ್ಪ ಹುಳಿ ಗುಣ. ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪನ್ನು ಒಳಗಿನಿಂದ ತಿನ್ನುತ್ತದೆ. ತೂತಾದಲ್ಲೆಲ್ಲ ಪಿವಿಸಿ ತುಂಡು ಹಾಕಿಸಿರುತ್ತಾರೆ. ಹಿಂದೆ ಅರ್ಥಿಂಗ್ ತಂತಿಯನ್ನು ಅದೇ ಜಿಐ ಪೈಪಿಗೆ ಸುತ್ತಿದ ಮನೆಗಳಿವೆ. ಪೈಪ್ ನಡುವೆ ಪಿವಿಸಿ ಬಂತೆಂದರೆ ಭೂಮಿಯ ಸಂಪರ್ಕ ಅಲ್ಲಿಗೆ ಕಡಿಯಿತು. ಮುಂದೆ ಗೀಸರಿನ ಕಾಯಿಲ್ ಕೆಟ್ಟ ದಿನ ನಲ್ಲಿಯಲ್ಲೇ ಕರೆಂಟು. ಬಚ್ಚಲಿನ ನಲ್ಲಿ ಮುಟ್ಟಿದಾಗ ಸಣ್ಣಗೆ ಜುಮ್ಮೆಂದರೂ ಗೀಸರ್ ಬಳಸುವುದನ್ನು ನಿಲ್ಲಿಸಿ. ಬೇರೆಯೇ ಅರ್ಥ್ ಗುಂಡಿ ತೋಡಿಸಿ 2.5 ಮೀಟರ್ ಉದ್ದದ ಜಿಐ ಪೈಪ್ ಇಳಿಸಬೇಕು. ಅದರ ರೋಧವನ್ನು ಮಳೆಗಾಲದಲ್ಲಿ ಅಳೆದು ಸಮಾಧಾನ ಪಡಬೇಡಿ, ಒದ್ದೆ ನೆಲ ಒಳ್ಳೆಯ ಅಂಕಿಯನ್ನೇ ಕೊಡುತ್ತದೆ. ಪತ್ತನಾಜೆಗೆ (ಮೇ ಕೊನೆಯ ವಾರ) ಮೊದಲು, ನೆಲ ಒಣಗಿ ಬಿರಿದಾಗ, 5 ಓಮ್‌ಗಿಂತ ಕಡಿಮೆ ಬರಬೇಕು.

ಜೊತೆಗೆ ಕರೆಂಟು ಸೋರಿದರೆ ತಾನೇ ಆಫ್ ಆಗುವ, 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸಿ. ಹಾಕಿದ ಕೂಡಲೇ ಅದು ಪದೇ ಪದೇ ಬಿದ್ದರೆ ಇನ್ವರ್ಟರ್ ಜೋಡಿಸುವಾಗ ನ್ಯೂಟ್ರಲ್ ಬೆರೆಸಿದ್ದಾರೆಯೇ ಎಂದು ಮೊದಲು ನೋಡಿಸಿ. ತೊಂದರೆ ಎಂದು ಕಿತ್ತುಹಾಕಲು ಬಿಡಬೇಡಿ. ಬೋರ್ಡಿನಲ್ಲಿ ಎಂಸಿಬಿ (ಲೋಡ್ ಹೆಚ್ಚಾದರೆ ತಾನೇ ಬೀಳುವ ಸ್ವಿಚ್) ಮೇಲಿನ ಅಂಕಿ, ತಂತಿಯ ದಪ್ಪ ಎರಡನ್ನೂ ತಾಳೆ ನೋಡಿ: 1.5 ಚದರ ಮಿಲಿಮೀಟರಿಗೆ 10 ಆಂಪಿಯರ್, 2.5ಕ್ಕೆ 16, 4ಕ್ಕೆ 20. ಎಸಿ ಹಾಕಿದ ಮೇಲೆ ಟ್ರಿಪ್ ಆಗುತ್ತದೆಂದು ತಂತಿ ಬದಲಿಸದೆ ಎಂಸಿಬಿ ಮಾತ್ರ ದೊಡ್ಡದು ಮಾಡಿದ್ದರೆ ಗೋಡೆಯೊಳಗೆ ತಂತಿ ಬಿಸಿಯೇರುತ್ತಿರುತ್ತದೆ.

ಮಲ್ಪೆ, ಉಳ್ಳಾಲ, ಸುರತ್ಕಲ್ಲಿನಂಥ ಕಡಲ ಬದಿಯಲ್ಲಿ ಸ್ಲ್ಯಾಬಿನ ಅಡಿಭಾಗವನ್ನು ಸಣ್ಣ ಸುತ್ತಿಗೆಯಿಂದ ತಟ್ಟುತ್ತಾ ಹೋಗಿ. ಟೊಳ್ಳು ಸದ್ದು ಬಂದಲ್ಲಿ ಉಪ್ಪಿಗೆ ತುಕ್ಕು ಹಿಡಿದ ಕಂಬಿ ಉಬ್ಬಿ ಕಾಂಕ್ರೀಟನ್ನು ತಳ್ಳುತ್ತಿದೆ. ಮೇಲೆ ಸಿಮೆಂಟ್ ಮೆತ್ತಿದರೆ ಎರಡು ಮಳೆಗೆ ಉದುರುತ್ತದೆ. ಕಂಬಿಯ ಹಿಂಬದಿಯವರೆಗೂ ಕೆತ್ತಿ, ತುಕ್ಕು ತೆಗೆದು, ಜಿಂಕ್ ಪ್ರೈಮರ್ ಬಳಿದು, ಪಾಲಿಮರ್ ಗಾರೆ ತುಂಬಬೇಕು. ಕಂಬಿ ಸಣಕಲಾಗಿದ್ದರೆ ಸ್ಟ್ರಕ್ಚರಲ್ ಎಂಜಿನಿಯರರನ್ನು ಕರೆಸಿ. ತಾರಸಿಯ ಮೇಲೆ ಶೀಟು ಇದೆಯೆಂದು ನೆಮ್ಮದಿ ಬೇಡ, ಶೀಟು ಹಾಕಿದ್ದೇ ಸೋರಿಕೆಗೆ ಇರಬಹುದು.

ಕಂಡದ್ದನ್ನೆಲ್ಲ ದಿನಾಂಕ ಸಹಿತ ಫೋಟೊ ತೆಗೆದಿಡಿ. ತನಗೆ ಗೊತ್ತಿದ್ದು, ಕೊಳ್ಳುವವರು ಸಾಮಾನ್ಯ ಎಚ್ಚರದಿಂದ ನೋಡಿದರೂ ಕಾಣದ ಮುಖ್ಯ ದೋಷವನ್ನು ಮಾರುವವರು ತಿಳಿಸಲೇಬೇಕು ಎನ್ನುತ್ತದೆ 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಂ. ವಕೀಲರ ಬಳಿ ಹೋದರೆ ಆ ಫೋಟೊಗಳೇ ಆಧಾರ. ಮೆಸ್ಕಾಂ ಬಿಲ್ಲಿನ ಬಾಕಿ, ಮಂಜೂರಾದ ಲೋಡ್ ಎರಡನ್ನೂ ಹೆಸರು ಬದಲಾವಣೆಗೆ ಮುನ್ನವೇ ವಿಚಾರಿಸಿ.

ಬಣ್ಣಕ್ಕೆ ಡಿಸೆಂಬರ್ ಬರಲಿ. ಆಗಲೂ ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಗೋಡೆಗೆ ಅಂಟಿಸಿ, ಮರುದಿನ ಬಿಚ್ಚಿ ನೋಡಿ. ಗೋಡೆಯ ಕಡೆ ಹನಿ ಕೂತಿದ್ದರೆ ಪೇಂಟರಿಗೆ ಇನ್ನೊಂದು ತಿಂಗಳು ಬಿಟ್ಟು ಬರಲು ಹೇಳಿ.