ಮೊಟ್ಟೆ ವೆಜ್ಜಾ, ನಾನ್‌ವೆಜ್ಜಾ? ಒಂದು ಹಳೇ ತಕರಾರಿನ ಜಾಡು

ಕೋಳಿ ಮೊದಲೋ ಮೊಟ್ಟೆ ಮೊದಲೋ ಅಂತ ನಾವು ಸುಮ್ನೆ ತಮಾಷೆಗೆ ಕೇಳುತ್ತೇವೆ. ಈ ಪ್ರಶ್ನೆಯ ಮೇಲೆ ನಡೆದ ಹಳೆಯ ಚರ್ಚೆಗಳಲ್ಲಿ ಒಂದು ಶುರುವಾದದ್ದು ಊಟದ ಹೊತ್ತಿನಲ್ಲಿ, ಅದೂ ಒಬ್ಬ ಮೊಟ್ಟೆ ಬೇಡ ಅಂದಿದ್ದಕ್ಕೆ. ಕ್ರಿ.ಶ. 100ರ ಆಸುಪಾಸಿನಲ್ಲಿ ಗ್ರೀಕ್ ಲೇಖಕ ಪ್ಲುಟಾರ್ಕ್ ಇದನ್ನು ಬರೆದಿಟ್ಟಿದ್ದಾನೆ. ಬೇಡ ಅಂದವನೂ ಅವನೇ; ಯಾವುದೋ ಕನಸು ಬಿತ್ತೆಂದು ಮೊಟ್ಟೆ ಬಿಟ್ಟಿದ್ದ. ಗೆಳೆಯ ಕೊಟ್ಟ ಔತಣದಲ್ಲಿ ಮೊಟ್ಟೆ ಮುಟ್ಟದೆ ಕೂತಾಗ ಜೊತೆಯವರಿಗೆ ಅನುಮಾನ ಬಂತು: ಇವನೂ ತತ್ವಜ್ಞಾನಿ ಪೈಥಾಗೊರಸ್‌ನ ಪಂಥಕ್ಕೆ ಸೇರಿಬಿಟ್ಟನಾ? ಅಲ್ಲಿಂದ ಮಾತು ಕೋಳಿ-ಮೊಟ್ಟೆಯ ಕಡೆಗೆ ಹೊರಳಿತು.

ಪೈಥಾಗೊರಸ್ ಮಾಂಸದ ಜೊತೆ ಮೊಟ್ಟೆಯನ್ನೂ, ಮೊಟ್ಟೆಯಿಂದ ಹುಟ್ಟುವ ಪ್ರಾಣಿಗಳನ್ನೂ ತಿನ್ನಬೇಡಿ ಅಂದಿದ್ದ ಎಂಬ ಮಾತಿತ್ತು. 19ನೇ ಶತಮಾನದವರೆಗೂ ಯೂರೋಪಿನಲ್ಲಿ ಮಾಂಸ ಬಿಟ್ಟವರನ್ನು ಕರೆಯುತ್ತಿದ್ದದ್ದೇ ಅವನ ಹೆಸರಿನಿಂದ.

ಧರ್ಮಗಳು ಈ ವಿಷಯದಲ್ಲಿ ಒಂದೊಂದು ದಾರಿ ಹಿಡಿದವು. ಮಧ್ಯಯುಗದ ಕ್ರೈಸ್ತರಿಗೆ ಈಸ್ಟರ್‌ಗೆ ಮುಂಚಿನ ಉಪವಾಸದಲ್ಲಿ ಮಾಂಸವೂ ಇಲ್ಲ, ಹಾಲೂ ಇಲ್ಲ, ಮೊಟ್ಟೆಯೂ ಇಲ್ಲ. ಮೀನು ಮಾತ್ರ ಆಗುತ್ತಿತ್ತು! ಯಹೂದಿಗಳ ಲೆಕ್ಕದಲ್ಲಿ ಮೊಟ್ಟೆ ಅತ್ತ ಮಾಂಸವೂ ಅಲ್ಲ, ಇತ್ತ ಹಾಲಿನ ಪದಾರ್ಥವೂ ಅಲ್ಲ, ನಡುವಿನದು. ಆದರೆ ಒಡೆದಾಗ ರಕ್ತದ ಚುಕ್ಕೆ ಕಂಡರೆ ಅದನ್ನು ಎಸೆಯುವ ರೂಢಿ.

ಈಗಿನ ಸ್ವರೂಪದ ಜಗಳ ಶುರುವಾದದ್ದು ಇಂಗ್ಲೆಂಡಿನಲ್ಲಿ. 1847ರ ಸೆಪ್ಟೆಂಬರ್ 30ರಂದು ರಾಮ್ಸ್‌ಗೇಟ್ ಎಂಬಲ್ಲಿ ವೆಜಿಟೇರಿಯನ್ ಸೊಸೈಟಿ ಹುಟ್ಟಿತು. ಅದನ್ನು ಕಟ್ಟಿದ್ದು ಎರಡು ಗುಂಪು. ಒಂದು ಸಾಲ್ಫರ್ಡ್‌ನ ಬೈಬಲ್ ಕ್ರಿಶ್ಚಿಯನ್ ಚರ್ಚಿನವರು. ಇವರ ಅಡುಗೆಯಲ್ಲಿ ಮೊಟ್ಟೆ, ಬೆಣ್ಣೆ ಧಾರಾಳ. ಇನ್ನೊಂದು ಲಂಡನ್ ಹತ್ತಿರದ ಆಲ್ಕಾಟ್ ಹೌಸ್ ಎಂಬ ಶಾಲೆಯವರು. ಇವರು ಹಾಲನ್ನೂ ದೂರ ಇಟ್ಟವರು. ಕೊನೆಗೆ ಮಾಂಸ, ಮೀನು, ಕೋಳಿ ಬಿಟ್ಟರೆ ಸಾಕು ಅನ್ನುವವರ ಮಾತೇ ನಡೆಯಿತು. ಮೊಟ್ಟೆ-ಹಾಲು ಅವರವರಿಗೆ ಬಿಟ್ಟದ್ದು. ಅಂದರೆ ‘ವೆಜಿಟೇರಿಯನ್’ ಅನ್ನುವ ಪದ ಸಂಘ ಕಟ್ಟಿಕೊಂಡ ದಿನದಿಂದಲೇ ಮೊಟ್ಟೆಗೆ ಜಾಗ ಇಟ್ಟುಕೊಂಡಿತ್ತು. ನಮ್ಮ ‘ಸಸ್ಯಾಹಾರ’ ಅದರ ಸರಿಸಮ ಪದ ಅಂದುಕೊಂಡಿದ್ದೇವಲ್ಲ, ಎಡವಟ್ಟಾದದ್ದು ಅಲ್ಲೇ ಅಂತ ನನಗನ್ನಿಸುತ್ತದೆ. ಹಾಗೆ ನೋಡಿದರೆ ಹಾಲು ಯಾವ ಸಸ್ಯದಿಂದ ಬಂತು?

ಈ ಎರಡೂ ಅರ್ಥಗಳ ನಡುವೆ ಸಿಕ್ಕಿಕೊಂಡವರು ಗಾಂಧೀಜಿ. 1888ರಲ್ಲಿ ಓದಲು ಲಂಡನ್ನಿಗೆ ಹೋದಾಗ ಮಾಂಸ ಮುಟ್ಟುವುದಿಲ್ಲ ಎಂದು ತಾಯಿಗೆ ಮಾತು ಕೊಟ್ಟಿದ್ದರು. ಅಲ್ಲಿ ನೋಡಿದರೆ ಮಾಂಸಕ್ಕೆ ಮೂರು ಅರ್ಥ. ಪ್ರಾಣಿ-ಪಕ್ಷಿಗಳದ್ದು ಮಾತ್ರ ಮಾಂಸ, ಮೀನು ಮೊಟ್ಟೆ ಆಗಬಹುದು ಅನ್ನುವವರು ಒಂದು ಕಡೆ. ಮೀನೂ ಬೇಡ, ಮೊಟ್ಟೆ ಆಗಬಹುದು ಅನ್ನುವವರು ಇನ್ನೊಂದು ಕಡೆ. ಜೀವಿಗಳಿಂದ ಬರುವ ಹಾಲು, ಮೊಟ್ಟೆ ಯಾವುದೂ ಬೇಡ ಅನ್ನುವವರು ಮತ್ತೊಂದು ಕಡೆ. ಮೊಟ್ಟೆ ತಿಂದರೆ ಯಾವ ಜೀವಕ್ಕೂ ನೋವಿಲ್ಲ ಎಂಬ ವಾದಕ್ಕೆ ಮರುಳಾಗಿ ಅವರು ಕೆಲವು ದಿನ ತಿಂದರು. ಹದಿನೈದು ದಿನವೂ ಆಗಿರಲಿಲ್ಲ, ಬಿಟ್ಟರು. ಅವರು ಕೊಟ್ಟ ಕಾರಣ ವಿಜ್ಞಾನದ್ದಲ್ಲ. ಮಾತು ಕೊಟ್ಟದ್ದು ಅಮ್ಮನಿಗೆ, ಅಮ್ಮನ ಲೆಕ್ಕದಲ್ಲಿ ಮೊಟ್ಟೆಯೂ ಮಾಂಸವೇ. ಅಲ್ಲಿಂದ ಪುಡಿಂಗ್, ಕೇಕ್ ಬಂದಾಗಲೆಲ್ಲ ಮೊಟ್ಟೆ ಹಾಕಿದ್ದೀರಾ ಅಂತ ಕೇಳುವ ಪಜೀತಿ.

ಅದೇ ಗಾಂಧೀಜಿ 1942ರಲ್ಲಿ ಆರೋಗ್ಯದ ಬಗ್ಗೆ ಬರೆಯುವಾಗ ಬೇರೆ ಮಾತು ಹೇಳಿದರು. ಹುಂಜದ ಸಂಪರ್ಕವಿಲ್ಲದೆ ಇಟ್ಟ ಮೊಟ್ಟೆ ಮರಿಯಾಗುವುದೇ ಇಲ್ಲ, ಹಾಲು ಕುಡಿಯುವವರು ಅದಕ್ಕೆ ಅಡ್ಡಿ ಹೇಳಬೇಕಿಲ್ಲ ಅಂದರು. ಇವತ್ತಿಗೂ ಮೊಟ್ಟೆ ಪರ ಮಾತಾಡುವವರು ಹಿಡಿಯುವುದು ಈ ಎಳೆಯನ್ನೇ.

ಎಳೆ ಗಟ್ಟಿಯೇ. ಒಂದು ಮೊಟ್ಟೆಯನ್ನು ತಟ್ಟೆಗೆ ಒಡೆದು ಹಾಕಿ ನೋಡಿ. ಹಳದಿಯ ಮೇಲೆ ಸಣ್ಣದೊಂದು ಬಿಳಿ ಚುಕ್ಕೆ ಇರುತ್ತದೆ. ಕೆಲವೇ ಮಿಲಿಮೀಟರ್ ಅಗಲದ್ದು. ಚುಕ್ಕೆಯ ಅಂಚು ಅಂಕುಡೊಂಕಾಗಿ, ಗಟ್ಟಿ ಬಿಳಿಯಾಗಿ ಕಂಡರೆ ಅದು ಹುಂಜದ ಸಂಪರ್ಕವಿಲ್ಲದ್ದು. ಉಂಗುರದಂತೆ ದುಂಡಗೆ ಕಂಡರೆ ಕಾವು ಕೊಟ್ಟಾಗ 21 ದಿನಕ್ಕೆ ಮರಿಯಾಗಬಹುದಾದ ಮೊಟ್ಟೆ. ದೊಡ್ಡ ಫಾರಂಗಳಲ್ಲಿ ಹುಂಜವನ್ನೇ ಸಾಕುವುದಿಲ್ಲ, ಹಾಗಾಗಿ ಅಲ್ಲಿಂದ ಬರುವುದೆಲ್ಲ ಮೊದಲನೇ ತರಹದ್ದು. ರಕ್ತದ ಚುಕ್ಕೆಗೂ ಮರಿಗೂ ಸಂಬಂಧವಿಲ್ಲ. ಮೊಟ್ಟೆ ರೂಪುಗೊಳ್ಳುವಾಗ ಕೋಳಿಯೊಳಗೆ ಸಣ್ಣ ರಕ್ತನಾಳ ಒಡೆದರೆ ಆಗುವುದು ಅದು.

ಹಾಗಾದರೆ ಜಗಳ ಮುಗಿಯಬೇಕಿತ್ತು, ಅಲ್ವಾ? ಮುಗಿಯಲಿಲ್ಲ. ಒಳಗೆ ಜೀವ ಇದೆಯಾ ಅನ್ನುವುದು ಒಂದು ಅಳತೆಗೋಲು, ಎಲ್ಲಿಂದ ಬಂತು ಅನ್ನುವುದು ಇನ್ನೊಂದು. ಭಾರತ ಎರಡನೆಯದನ್ನು ಹಿಡಿಯಿತು. 2001ರಲ್ಲಿ ಪೊಟ್ಟಣದ ಮೇಲೆ ಹಸಿರು ಚುಕ್ಕೆ ತಂದಾಗ, ಪ್ರಾಣಿಮೂಲದ್ದೆಲ್ಲ ನಾನ್‌ವೆಜ್ ಎಂದು ಬರೆದು ಮೊಟ್ಟೆಯನ್ನು ಹೆಸರು ಹೇಳಿಯೇ ಸೇರಿಸಿದರು. ಹಾಲನ್ನು ಹೆಸರು ಹೇಳಿಯೇ ಹೊರಗಿಟ್ಟರು. ಬ್ರಿಟನ್ನಿನ ಆ ಹಳೇ ಸೊಸೈಟಿ ತನ್ನ ಮುದ್ರೆಗೆ ಬೇರೆಯದೇ ಷರತ್ತು ಹಾಕಿತು: ಮೊಟ್ಟೆ ಆಗಬಹುದು, ಆದರೆ ಕೋಳಿ ಗೂಡಿನಲ್ಲಿ ಕೊಳೆಯದೆ ಹೊರಗೆ ಓಡಾಡಿಕೊಂಡಿರಬೇಕು. ಒಂದೇ ಕೇಕ್ ಅಲ್ಲಿ ವೆಜ್, ಇಲ್ಲಿ ನಾನ್‌ವೆಜ್.

ಮೊಟ್ಟೆಯನ್ನು ಹೊರಹಾಕಲು ಹೋದಾಗಲೆಲ್ಲ ಹಾಲಿನ ಪಾತ್ರೆ ಅಲುಗಾಡುತ್ತದೆ. 1944ರಲ್ಲಿ ಆ ಸೊಸೈಟಿಯಲ್ಲೇ ಇದ್ದ ಡೊನಾಲ್ಡ್ ವಾಟ್ಸನ್ ಮತ್ತು ಗೆಳೆಯರು ಈ ಇಬ್ಬಂದಿ ಸಾಕೆಂದು ಎರಡನ್ನೂ ಬಿಟ್ಟು ಹೊರನಡೆದರು. ವೆಜಿಟೇರಿಯನ್ ಪದದ ತಲೆ-ಬಾಲ ಸೇರಿಸಿ ‘ವೀಗನ್’ ಅಂತ ಹೆಸರಿಟ್ಟುಕೊಂಡರು.

ಅಷ್ಟರಲ್ಲಿ ಕೋಳಿಯೇ ಬದಲಾಗುತ್ತಿತ್ತು. ಅದರ ಮೂಲವಾದ ಕಾಡುಕೋಳಿ ವರ್ಷಕ್ಕೆ ಇಡುವುದು ಸುಮಾರು 10-15 ಮೊಟ್ಟೆ. ಈಗಿನ ಲೇಯರ್ ಕೋಳಿ 300ರ ಹತ್ತಿರ ಇಡುತ್ತದೆ. ಈ ತಳಿಯ ಗಂಡುಮರಿ ಮೊಟ್ಟೆಯನ್ನೂ ಇಡುವುದಿಲ್ಲ, ಮಾಂಸಕ್ಕೂ ಲಾಭವಿಲ್ಲ. ಹಾಗಾಗಿ ಮರಿ ಮಾಡಿಸುವ ಹ್ಯಾಚರಿಗಳಲ್ಲಿ ಹುಟ್ಟಿದ ದಿನವೇ ಕೊಲ್ಲುತ್ತಾರೆ. ತಟ್ಟೆಯಲ್ಲಿನ ಮೊಟ್ಟೆಯಲ್ಲಿ ಜೀವ ಇಲ್ಲ ನಿಜ. ಆದರೆ ಅದನ್ನಿಟ್ಟ ಹೇಟೆಯ ಜೊತೆ ಹುಟ್ಟಿದ ಹುಂಜಮರಿ ಎಲ್ಲಿ ಹೋಯಿತು? ಈ ಪ್ರಶ್ನೆಗೆ ಬಿಳಿ ಚುಕ್ಕೆಯಲ್ಲಿ ಉತ್ತರವಿಲ್ಲ. ಮೊಟ್ಟೆ ಪರ ವಾದಿಸುವವರು ಇದನ್ನು ಜಾಸ್ತಿ ಎತ್ತುವುದೂ ಇಲ್ಲ.

2022ರ ಜನವರಿಯಿಂದ ಜರ್ಮನಿ ಈ ಕೊಲ್ಲುವಿಕೆಯನ್ನು ನಿಷೇಧಿಸಿತು. ಬದಲಿಗೆ ಈಗ ಕಾವಿನಲ್ಲಿರುವಾಗಲೇ ಚಿಪ್ಪಿಗೆ ಲೇಸರ್‌ನಿಂದ ಸೂಜಿಮೊನೆಯಷ್ಟು ತೂತು ಮಾಡಿ, ಒಂದು ಹನಿ ದ್ರವ ತೆಗೆದು, ಒಳಗಿರುವುದು ಗಂಡೋ ಹೆಣ್ಣೋ ಅಂತ ನೋಡುವ ಯಂತ್ರಗಳು ಬಂದಿವೆ. ಗಂಡಾದರೆ ಆ ಮೊಟ್ಟೆ ಅಲ್ಲಿಗೇ ಮುಗಿಯಿತು. ಆದರೆ ಎಷ್ಟನೇ ದಿನದವರೆಗೆ ಹಾಗೆ ಮಾಡಬಹುದು? ಒಳಗಿರುವುದಕ್ಕೆ ನೋವು ಗೊತ್ತಾಗುವುದು ಯಾವಾಗಿನಿಂದ? 2024ರಿಂದ ಅಲ್ಲಿನ ಕಾನೂನು ಅದಕ್ಕೂ ಒಂದು ದಿನ ಗೊತ್ತುಮಾಡಿದೆ: ಕಾವಿಗೆ ಇಟ್ಟ 13ನೇ ದಿನದಿಂದ ಮುಟ್ಟುವ ಹಾಗಿಲ್ಲ.