ತರಗತಿಯೊಳಗಿನ ಅಧಿಕಾರ: ಶಿಕ್ಷಣದಲ್ಲಿ ಆಧುನಿಕೋತ್ತರ ಚಿಂತನೆ ಸಾಗಿಬಂದ ಬಗೆ

ಎಲ್ಲವನ್ನೂ ವಿವರಿಸಬಲ್ಲ ಒಂದೇ ಸತ್ಯವಿದೆ ಎಂಬುದನ್ನು ಸಂಶಯಿಸುವ ಆಧುನಿಕೋತ್ತರ ಚಿಂತನೆಯ ಮೂಲಗ್ರಂಥಗಳಲ್ಲಿ ಒಂದೆಂದು ಗಣಿಸಲಾಗುವ, ಫ್ರೆಂಚ್ ತತ್ತ್ವಜ್ಞಾನಿ ಲಿಯೊಟಾರ್ 1979ರಲ್ಲಿ ಪ್ರಕಟಿಸಿದ ಕೃತಿ ಮೂಲತಃ ಕೆನಡಾದ ಕ್ವಿಬೆಕ್ ಸರ್ಕಾರದ ವಿಶ್ವವಿದ್ಯಾಲಯ ಮಂಡಳಿ ಬರೆಸಿದ ವರದಿ. ಜ್ಞಾನವು ಮನುಷ್ಯಕುಲವನ್ನು ಬಿಡುಗಡೆಗೊಳಿಸುತ್ತದೆ ಎಂಬ ನಂಬಿಕೆಯೂ, ಎಲ್ಲ ಶಾಸ್ತ್ರಗಳು ಕೊನೆಗೆ ಒಂದೇ ಸಮಗ್ರ ಅರಿವಿನಲ್ಲಿ ಕೂಡುತ್ತವೆ ಎಂಬ ಜರ್ಮನ್ ಆದರ್ಶವೂ ವಿಶ್ವವಿದ್ಯಾಲಯಗಳಿಗೆ ಆಧಾರವಾಗಿದ್ದವು. ಈ ಎರಡು ಮಹಾಕಥನಗಳ ಮೇಲಿನ ವಿಶ್ವಾಸ ಕುಸಿದಿದೆ ಎಂದು ಅವರು ವಾದಿಸಿದರು. ತೆರವಾದ ಜಾಗಕ್ಕೆ ಬಂದದ್ದು ಕಾರ್ಯಕ್ಷಮತೆ. ಕಲಿತದ್ದು ನಿಜವೇ ಎಂಬ ಪ್ರಶ್ನೆಯನ್ನು ಅದರಿಂದ ಏನು ಉಪಯೋಗ ಎಂಬ ಪ್ರಶ್ನೆ ಹಿಂದಕ್ಕೆ ತಳ್ಳುತ್ತದೆ, ಸಿದ್ಧಜ್ಞಾನವನ್ನು ದಾಟಿಸುವ ಕೆಲಸವನ್ನು ಯಂತ್ರಗಳಿಗೂ ಒಪ್ಪಿಸಬಹುದು ಎಂದು ಅವರು ಬರೆದರು. ಇದನ್ನು ಅವರ ಶಿಫಾರಸು ಎಂದು ಓದುವವರಿದ್ದಾರೆ. ವಾಸ್ತವವಾಗಿ ಅದು ಆತಂಕ ಬೆರೆತ ವಿವರಣೆ.

ಶಾಲೆಯನ್ನು ಇನ್ನೂ ಹತ್ತಿರದಿಂದ ನೋಡಿದವರು ಫ್ರೆಂಚ್ ಚಿಂತಕ ಮಿಶೆಲ್ ಫುಕೊ. ಶಿಕ್ಷೆಯ ಇತಿಹಾಸವನ್ನು ಕುರಿತ 1975ರ ಗ್ರಂಥದಲ್ಲಿ ಅವರು ಸೆರೆಮನೆ, ಸೇನೆ, ಆಸ್ಪತ್ರೆಗಳ ಸಾಲಿನಲ್ಲೇ ಶಾಲೆಯನ್ನೂ ಇಟ್ಟರು. ಮಕ್ಕಳನ್ನು ಸಾಲಾಗಿ ಕೂರಿಸುವುದು, ದಿನವನ್ನು ಅವಧಿಗಳಾಗಿ ಕತ್ತರಿಸುವುದು, ಪ್ರತಿಯೊಬ್ಬರ ಸಾಧನೆಯನ್ನು ದಾಖಲಿಸಿ ಶ್ರೇಣಿಯಲ್ಲಿ ನಿಲ್ಲಿಸುವುದು ಅಧಿಕಾರ ಕೆಲಸ ಮಾಡುವ ವಿಧಾನಗಳೇ ಎಂದು ತೋರಿಸಿದರು. ಪರೀಕ್ಷೆಯು ವಿದ್ಯಾರ್ಥಿಯ ಅರಿವನ್ನು ಅಳೆಯುವ ಹೊತ್ತಿಗೇ ಅವನನ್ನು ಅಧ್ಯಯನಕ್ಕೆ ಒಳಪಡುವ ಒಂದು ಪ್ರಕರಣವನ್ನಾಗಿಯೂ ಮಾಡುತ್ತದೆ ಎಂಬ ಅವರ ಒಳನೋಟ, ನನ್ನ ದೃಷ್ಟಿಯಲ್ಲಿ, ಈ ಇಡೀ ಪರಂಪರೆ ಶಿಕ್ಷಣಶಾಸ್ತ್ರಕ್ಕೆ ಕೊಟ್ಟ ಅತ್ಯಂತ ಗಟ್ಟಿಯಾದ ಕೊಡುಗೆ.

ಬೋಧನೆಯ ವಿಷಯದಲ್ಲಿ ಪ್ರಭಾವ ಅಷ್ಟು ನೇರವಲ್ಲ. ಮಗುವನ್ನು ಕೇಂದ್ರದಲ್ಲಿಟ್ಟ ಕಲಿಕೆಯನ್ನು ಆಧುನಿಕೋತ್ತರವಾದದ ಲೆಕ್ಕಕ್ಕೆ ಸೇರಿಸುವುದು ವಾಡಿಕೆ. ಆದರೆ ಅದರ ಬೇರುಗಳು ಇನ್ನೂ ಹಿಂದಿನ ಚಿಂತಕರಾದ ರೂಸೋ ಮತ್ತು ಜಾನ್ ಡ್ಯೂಯಿ ಅವರಲ್ಲಿವೆ. ಹೊಸದಾಗಿ ಬಂದದ್ದು ಬಿಡುಗಡೆಯ ಭಾಷೆಯ ಬಗೆಗಿನ ಸಂಶಯ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಜನಾಂಗಭೇದವನ್ನು ಕುರಿತು ಪಾಠ ಮಾಡಿದ ಎಲಿಜಬೆತ್ ಎಲ್ಸ್‌ವರ್ತ್, ಸಬಲೀಕರಣ, ಸಂವಾದ ಎಂಬ, ಸಮಾಜದ ಅಸಮಾನತೆಯನ್ನು ಪ್ರಶ್ನಿಸಲು ಕಲಿಸುವ ವಿಮರ್ಶಾತ್ಮಕ ಶಿಕ್ಷಣದ ಆದರ್ಶಗಳೇ ತರಗತಿಯಲ್ಲಿ ಯಜಮಾನಿಕೆಯನ್ನು ಮುಂದುವರಿಸಬಲ್ಲವು ಎಂದು 1989ರಲ್ಲಿ ಬರೆದರು. ಎಲ್ಲರೂ ಸಮಾನವಾಗಿ, ನಿರ್ಭಯವಾಗಿ ಮಾತನಾಡಬಲ್ಲರು ಎಂಬ ಊಹೆಯನ್ನೇ ಅವರು ಒಪ್ಪಲಿಲ್ಲ.

ಪಠ್ಯಕ್ರಮದಲ್ಲಿರುವುದು ಯಾರ ಜ್ಞಾನ ಎಂಬ ಪ್ರಶ್ನೆಯನ್ನು ಬ್ರಿಟನ್ನಿನಲ್ಲಿ 1971ರಷ್ಟು ಹಿಂದೆಯೇ ಎತ್ತಿದ್ದ ಸಮಾಜಶಾಸ್ತ್ರಜ್ಞ ಮೈಕೆಲ್ ಯಂಗ್, 2008ರ ಹೊತ್ತಿಗೆ ಬೇರೆಯೇ ನಿಲುವಿಗೆ ಬಂದಿದ್ದರು. ಜ್ಞಾನವೆಲ್ಲ ಅಧಿಕಾರದ ಮುಖವಾಡವೆಂದು ತಳ್ಳಿಹಾಕಿದರೆ, ಶಾಲೆಯಲ್ಲದೆ ಬೇರೆಲ್ಲೂ ವಿಜ್ಞಾನ, ಗಣಿತಗಳು ದಕ್ಕದ ಮಕ್ಕಳೇ ಹೆಚ್ಚು ಕಳೆದುಕೊಳ್ಳುತ್ತಾರೆ ಎಂಬುದು ಅವರ ವಾದದ ತಿರುಳು. ಈ ಆಕ್ಷೇಪಕ್ಕೆ ಆಧುನಿಕೋತ್ತರವಾದಿಗಳಿಂದ ತೃಪ್ತಿಕರ ಉತ್ತರ ಬಂದಿದೆ ಎಂದು ನನಗೆ ಅನ್ನಿಸುವುದಿಲ್ಲ.

ಆದರೂ ವಿಮರ್ಶೆಯ ಸಾಧನವಾಗಿ ಆಧುನಿಕೋತ್ತರ ಚಿಂತನೆಯ ಮೊನಚು ಉಳಿದಿದೆ. ಲಿಯೊಟಾರ್ ಅವರ ಕಾರ್ಯಕ್ಷಮತೆಯ ಪರಿಕಲ್ಪನೆಯನ್ನೇ ಹಿಡಿದು ಬ್ರಿಟನ್ನಿನ ಶಿಕ್ಷಣ ಸಮಾಜಶಾಸ್ತ್ರಜ್ಞ ಸ್ಟೀಫನ್ ಬಾಲ್, ಗುರಿ, ತಪಾಸಣೆ, ಶ್ರೇಯಾಂಕಗಳ ಒತ್ತಡದಲ್ಲಿ ಶಿಕ್ಷಕರು ತಾವು ನಂಬಿದ ಬೋಧನೆಯನ್ನು ಬಿಟ್ಟು ಅಳತೆಗೆ ಸಿಗುವಂಥದ್ದನ್ನೇ ಮಾಡಿ ತೋರಿಸಬೇಕಾಗುವ ಸ್ಥಿತಿಯನ್ನು 2003ರಲ್ಲಿ ವಿಶ್ಲೇಷಿಸಿದರು. ಫುಕೊ ವಿದ್ಯಾರ್ಥಿಯ ಮೇಲೆ ಕಂಡ ಪರೀಕ್ಷೆ ಅಲ್ಲಿ ಶಿಕ್ಷಕರ ಮೇಲೂ ನಡೆಯುತ್ತಿತ್ತು.