ಮಗುವಿನ ಇನ್ಸುಲಿನ್ ಯಾವಾಗ ನಿಲ್ಲಿಸಬಹುದು?

‘ಮಗನಿಗೆ ಒಂಬತ್ತು ವರ್ಷ. ಸಕ್ಕರೆ ಕಾಯಿಲೆ ಎಂದು ಇನ್ಸುಲಿನ್ ಶುರು ಮಾಡಿದ್ದಾರೆ. ನಾಟಿ ಔಷಧಿ ಕೊಟ್ಟರೆ ಸೂಜಿ ಬಿಡಿಸಬಹುದಂತೆ, ಹೌದೇ?’

ಈ ಸಲ ಕೇಳಿದವರು ಶ್ರೀನಿವಾಸಪುರದ ತಾಯಿ. ಹಿಂದೆ ಮುಳಬಾಗಿಲಿನಿಂದಲೂ ಮಾಲೂರಿನಿಂದಲೂ ಇದೇ ಪ್ರಶ್ನೆ ಬಂದಿತ್ತು. ಉತ್ತರ ಬದಲಾಗಿಲ್ಲ: ಬಿಡಿಸಬೇಡಿ.

ಮಕ್ಕಳಿಗೆ ಹೆಚ್ಚಾಗಿ ಬರುವುದು ಟೈಪ್ 1. ಅದು ಮಿಠಾಯಿ ತಿಂದು ಬಂದದ್ದಲ್ಲ. ಮೇದೋಜೀರಕದಲ್ಲಿ ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ದೇಹದ ರೋಗನಿರೋಧಕ ವ್ಯವಸ್ಥೆಯೇ ಕೊಂದುಹಾಕುತ್ತದೆ. ತಾತನ ಮಾತ್ರೆ ಇವನಿಗೆ ಸಾಲದು. ಇನ್ಸುಲಿನ್ನನ್ನೇ ಮಾತ್ರೆಯಾಗಿ ನುಂಗಿಸೋಣವೆಂದರೆ, ಅದು ಪ್ರೋಟೀನ್, ಹೊಟ್ಟೆಯಲ್ಲಿ ಜೀರ್ಣವಾಗಿಬಿಡುತ್ತದೆ.

‘ಪಕ್ಕದೂರಿನ ಹುಡುಗನಿಗೆ ಕಷಾಯ ಕುಡಿಸಿದ ಮೇಲೆ ಡೋಸ್ ಇಳಿಯಿತಲ್ಲ?’ ಇಳಿದಿರಬಹುದು. ಕಷಾಯ ಕುಡಿಯದ ಮಕ್ಕಳಲ್ಲೂ ಇಳಿಯುತ್ತದೆ! ಇನ್ಸುಲಿನ್ ಶುರುವಾದ ಕೆಲವು ವಾರಗಳಲ್ಲಿ ಅಳಿದುಳಿದ ಜೀವಕೋಶಗಳು ಚೇತರಿಸಿಕೊಂಡು ಸ್ವಲ್ಪ ಕೆಲಸ ಮಾಡುತ್ತವೆ. ವೈದ್ಯರು ಇದನ್ನು ಹನಿಮೂನ್ ಅವಧಿ ಎನ್ನುತ್ತಾರೆ. ಕೆಲವು ತಿಂಗಳು, ಕೆಲವರಲ್ಲಿ ವರ್ಷ, ಅಷ್ಟೇ. ಆಮೇಲೆ ಅವೂ ಸಾಯುತ್ತವೆ. ಡೋಸ್ ಇಳಿದಾಗ ಹೆಸರು ಕಷಾಯದವನಿಗೆ. ಮತ್ತೆ ಏರಿದಾಗ ತಪ್ಪು ಮಾತ್ರ ಪಥ್ಯ ಮುರಿದ ಮಗುವಿನದು! ಈ ನ್ಯಾಯ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಸೂಜಿ ನಿಲ್ಲಿಸಿದರೆ ದೇಹ ಕೊಬ್ಬನ್ನು ಕರಗಿಸತೊಡಗುತ್ತದೆ, ರಕ್ತದಲ್ಲಿ ಕೀಟೋನ್ ಎಂಬ ಆಮ್ಲ ತುಂಬುತ್ತದೆ. ವಾಂತಿ, ಹೊಟ್ಟೆನೋವು, ಏದುಸಿರು, ಉಸಿರಿನಲ್ಲಿ ಕೊಳೆತ ಹಣ್ಣಿನ ವಾಸನೆ. ದೃಷ್ಟಿಯಾಗಿದೆ ಎಂದು ನಿವಾಳಿಸುತ್ತಾ ಕೂರುವ ಹೊತ್ತಲ್ಲ ಅದು. ಸೀದಾ ಆಸ್ಪತ್ರೆಗೆ ಒಯ್ಯಿರಿ, ತಡವಾದರೆ ಜೀವ ಹೋಗುತ್ತದೆ. 1922ರ ಜನವರಿಯಲ್ಲಿ ಟೊರಾಂಟೊದ 14 ವರ್ಷದ ಲಿಯೊನಾರ್ಡ್ ಥಾಂಪ್ಸನ್‌ಗೆ ಮೊದಲ ಬಾರಿ ಇನ್ಸುಲಿನ್ ಚುಚ್ಚುವವರೆಗೆ ಇಂಥ ಮಕ್ಕಳು ಬದುಕುತ್ತಿರಲಿಲ್ಲ. ಕಷಾಯಗಳು ಆಗಲೂ ಇದ್ದವು.

ಇನ್ನು ಮುದ್ದೆಯ ವಿಷಯ. ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ‘ರಾಗಿಯಲ್ಲಿ ಸಕ್ಕರೆ ಇಲ್ಲ’ ಎಂದು ಅನ್ನ ಬಿಡಿಸಿ ಎಷ್ಟು ಬೇಕಾದರೂ ಮುದ್ದೆ ಬಡಿಸುವವರು ನಮ್ಮ ಕಡೆ ಬಹಳ. 100 ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 70 ಗ್ರಾಂ ಕಾರ್ಬೋಹೈಡ್ರೇಟ್ ಇದೆ, ಅಕ್ಕಿಗಿಂತ ತುಸು ಕಡಿಮೆ. ಜೀರ್ಣವಾದಾಗ ಅದೂ ಸಕ್ಕರೆಯೇ ಆಗುತ್ತದೆ. ನಾರು, ಕ್ಯಾಲ್ಸಿಯಂ ಹೆಚ್ಚು, ಒಪ್ಪಿದೆ. ಆದರೆ ಡೋಸ್ ಹೊಂದುವುದು ಮುದ್ದೆಯ ಗಾತ್ರಕ್ಕೆ. ಒಂದು ದಿನ ನಿಂಬೆಯಷ್ಟು, ಮರುದಿನ ತೆಂಗಿನಕಾಯಿಯಷ್ಟು ಕಟ್ಟಿದರೆ ಯಾವ ವೈದ್ಯರೂ ಲೆಕ್ಕ ಹಾಕಲಾರರು. ಸೂಜಿ ಹಾಕಿಸಿಕೊಂಡ ಹುಡುಗ ಉಣ್ಣದೆ ಆಟಕ್ಕೆ ಓಡಿ, ಬೆವರಿ ನಡುಗಿದರೆ ಗ್ಲುಕೋಮೀಟರಿನಲ್ಲಿ ರಕ್ತದ ಸಕ್ಕರೆ ನೋಡಿ. 70ಕ್ಕಿಂತ ಕೆಳಗಿದ್ದರೆ ಮೂರು ಟೀ ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಕರೆದೊಯ್ಯಿರಿ.